ನನ್ನ ಕೂದಲು ಇನ್ನೂ ಉದ್ದ ಇತ್ತು

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯಲ್ಲಿ ಅಜ್ಜಿಯ ತಂಗಿಯೊಬ್ಬರು ಇದ್ದರು. ಮಕ್ಕಳೆಲ್ಲ ಅವರನ್ನು ಚಿಕ್ಕಜ್ಜಿ ಅನ್ನುತ್ತಿದ್ದೆವು. ಕೆಂಪು ಸೀರೆ, ಬೋಳು ತಲೆಯ ಮೇಲೆ ಸದಾ ಸೆರಗು. ಹತ್ತನೇ ವಯಸ್ಸಿಗೆ ಮದುವೆ, ಹನ್ನೆರಡಕ್ಕೆ ಗಂಡ ಇಲ್ಲ.

ಒಂದು ಸಂಜೆ ಟಿವಿಯಲ್ಲಿ ‘ಫಣಿಯಮ್ಮ’ ಸಿನಿಮಾ ಬಂತು. ಎಳೆಯ ವಯಸ್ಸಿಗೇ ವಿಧವೆಯಾಗಿ, ತಲೆ ಬೋಳಿಸಿಕೊಳ್ಳಬೇಕಾಗಿ ಬಂದ ಹೆಣ್ಣಿನ ಕತೆ ಅದು. ಚಿಕ್ಕಜ್ಜಿ ಮಡಿಯಲ್ಲಿದ್ದರು. ನಮ್ಮ ಜೊತೆ ಕೂರಲಿಲ್ಲ. ಹೊಸ್ತಿಲಾಚೆ ಮಣೆ ಹಾಕಿಕೊಂಡು ಕೊನೆಯವರೆಗೂ ನೋಡಿದರು. ಮುಗಿದ ಮೇಲೆ ಅಮ್ಮ ಮೆಲ್ಲಗೆ ಕೇಳಿದರು, “ಹೀಗೇ ಇತ್ತಾ, ಚಿಕ್ಕಮ್ಮ?” ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ನನ್ನ ಕೂದಲು ಇನ್ನೂ ಉದ್ದ ಇತ್ತು” ಅಂದರು. ಎದ್ದು ಮಣೆ ಗೋಡೆಗೆ ಒರಗಿಸಿ ಒಳಗೆ ಹೋದರು.

ಸಂಪ್ರದಾಯಸ್ಥ ಮನೆಗಳಲ್ಲಿ ಹೆಣ್ಣುಮಕ್ಕಳು ಪಟ್ಟ ಪಾಡನ್ನು ಸಿನಿಮಾ ಎಷ್ಟು ನಿಜವಾಗಿ ತೋರಿಸುತ್ತದೆ ಅಂತ ಯಾರಾದರೂ ಕೇಳಿದರೆ, ನನಗೆ ಮೊದಲು ನೆನಪಾಗುವುದು ಆ ಮಾತು.

‘ಫಣಿಯಮ್ಮ’ 1983ರ ಸಿನಿಮಾ. ಪ್ರೇಮಾ ಕಾರಂತರು ನಿರ್ದೇಶಿಸಿದ್ದು. ಅದಕ್ಕೆ ಆಧಾರವಾದ ಎಂ.ಕೆ. ಇಂದಿರಾ ಅವರ ಕಾದಂಬರಿಯ ಹಿಂದೆ ಅವರ ಬಂಧುವೇ ಆಗಿದ್ದ ಒಬ್ಬ ಅಜ್ಜಿಯ ಬದುಕಿತ್ತು. ಅದಕ್ಕೇ ಇರಬೇಕು, ಅದು ನಮ್ಮ ಹೊಸ್ತಿಲಾಚೆ ಕೂತವರನ್ನೂ ತಟ್ಟಿತು.

ಬಹಳಷ್ಟು ಸಿನಿಮಾಗಳು ಎಡವುವುದು ಕೆಟ್ಟವರನ್ನು ತೋರಿಸುವಲ್ಲಿ. ಕಣ್ಣು ಕೆಂಪು ಮಾಡುವ ಒಬ್ಬಳು ಅತ್ತೆ, ಇಲ್ಲವೇ ಊರ ಸಾಹುಕಾರ. ಹೀರೋ ಬಂದು ಹುಡುಗಿಯನ್ನು ಬಿಡಿಸಿಕೊಂಡು ಹೋಗುತ್ತಾನೆ. ನಮ್ಮ ಮನೆಯಲ್ಲಿ ಅಂಥ ಕೆಟ್ಟವರು ಯಾರೂ ಇರಲಿಲ್ಲ. ಚಿಕ್ಕಜ್ಜಿಯನ್ನು ಕ್ಷೌರಿಕನ ಮುಂದೆ ಕೂರಿಸಿದ್ದು ಅವರ ಅಪ್ಪ. ತೊಡೆಯ ಮೇಲೆ ಕೂರಿಸಿಕೊಂಡು ಮಗ್ಗಿ ಹೇಳಿಕೊಟ್ಟ ಅದೇ ಅಪ್ಪ.

1977ರ ‘ಘಟಶ್ರಾದ್ಧ’ಕ್ಕೆ ಈ ಸತ್ಯ ಗೊತ್ತಿತ್ತು. ಅನಂತಮೂರ್ತಿಯವರ ಕತೆ, ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ. ಅದರಲ್ಲಿ ಬದುಕಿರುವ ಮಗಳಿಗೆ ಶ್ರಾದ್ಧ ಮಾಡುವವರು ಹೆತ್ತ ತಂದೆ ಉಡುಪರು. ವಿಧವೆ ಯಮುನಾ ಬಸುರಿಯಾದದ್ದೇ ತಪ್ಪು. ಇದನ್ನೆಲ್ಲ ನಾವು ನೋಡುವುದು ವೇದ ಕಲಿಯಲು ಬಂದ ಪುಟ್ಟ ನಾಣಿಯ ಕಣ್ಣಿಂದ. ಅವನಿಗೆ ಪೂರ್ತಿ ಅರ್ಥವಾಗುವುದಿಲ್ಲ, ಆದರೆ ಯಮುನಕ್ಕ ಬೇಕು. ನನಗೆ ಇದು ತುಂಬಾ ಇಷ್ಟ. ಒಂದು ಕೊರತೆ ಮಾತ್ರ ಕಾಡುತ್ತದೆ. ಯಮುನಾ ಒಳಗೊಳಗೇ ಏನು ಅಂದುಕೊಂಡಳು? ಅದು ನಾಣಿಗೂ ಗೊತ್ತಿಲ್ಲ, ನಮಗೂ ಗೊತ್ತಾಗುವುದಿಲ್ಲ.

ಇದು ಒಂದೇ ಜಾತಿಯ ಮಾತಲ್ಲ. ಬಾನು ಮುಷ್ತಾಕ್ ಅವರ ಕತೆಯಿಂದ ಕಾಸರವಳ್ಳಿಯವರೇ ಮಾಡಿದ ‘ಹಸೀನಾ’ದಲ್ಲಿ, ಗಂಡ ಕೈಬಿಟ್ಟ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯ ಕೇಳಿ ಕೂರುತ್ತಾಳೆ.

ಮತ್ತೆ ಫಣಿಯಮ್ಮನಿಗೆ ಬರುತ್ತೇನೆ. ವಯಸ್ಸಾದ ಮೇಲೆ ಆಕೆ, ತಲೆ ಬೋಳಿಸಿಕೊಳ್ಳಲ್ಲ ಎಂದ ಇನ್ನೊಬ್ಬ ಹುಡುಗಿಯ ಪರ ನಿಲ್ಲುತ್ತಾಳೆ. ಸುಳ್ಳಲ್ಲ, ಅಂಥ ದೊಡ್ಡ ಮನಸ್ಸಿನವರು ಇದ್ದರು. ಆದರೆ ಎಲ್ಲರೂ ಫಣಿಯಮ್ಮ ಆಗಲಿಲ್ಲ, ಅಲ್ವಾ? ಕಷ್ಟಪಟ್ಟವಳು ತಾಳ್ಮೆಯ ಮೂರ್ತಿಯಾಗಿಯೇ ಇರಬೇಕು ಅಂತ ಸಿನಿಮಾಕ್ಕೆ ಆಸೆ ಜಾಸ್ತಿ.

ಆ ಸಿನಿಮಾ ನೋಡಿದ ಮರುವರ್ಷ ನಾನು ದೊಡ್ಡವಳಾದೆ. ಶಾಲೆ ಬಿಡಿಸಿ ಅಂತ ಎಲ್ಲರಿಗಿಂತ ಹೆಚ್ಚು ಹಠ ಹಿಡಿದವರು ಚಿಕ್ಕಜ್ಜಿ. ಎರಡು ದಿನ ಊಟ ಬಿಟ್ಟರು. ಅಮ್ಮ ಜಗ್ಗಲಿಲ್ಲ. ಮೂರನೇ ದಿನ ನಾನು ಶಾಲೆಗೆ ಹೊರಟಾಗ ಚಿಕ್ಕಜ್ಜಿ ಕರೆದರು. ಬೈಯುತ್ತಾರೆ ಅಂದುಕೊಂಡೆ. “ಜಡೆ ಸಡಿಲಾಗಿದೆ” ಅಂದರು. ಮಡಿ ಅಂತ ನನ್ನನ್ನು ಮುಟ್ಟಲಿಲ್ಲ. ನಾನು ಬಿಚ್ಚಿ ಮತ್ತೆ ಹೆಣೆದುಕೊಳ್ಳುವವರೆಗೂ ಅಲ್ಲೇ ನಿಂತು ನೋಡುತ್ತಿದ್ದರು.

ಆ ಚಿಕ್ಕಜ್ಜಿಯನ್ನು ನಾನು ಇನ್ನೂ ಯಾವ ಸಿನಿಮಾದಲ್ಲೂ ನೋಡಿಲ್ಲ.

ನಮಸ್ಕಾರ.