ಚಿತ್ರಸಂತೆಯ ಹಿಂದಿನ ದಿನ

ನಮಸ್ಕಾರ ಎಲ್ಲರಿಗೂ. ಇವತ್ತು ಬೆಂಗಳೂರಿನ ಕುಮಾರಕೃಪಾ ರಸ್ತೆಗೆ ಬಂದಿದ್ದೇನೆ. ಎದುರಿಗೆ ಕಾಣುತ್ತಿರುವುದು ಕರ್ನಾಟಕ ಚಿತ್ರಕಲಾ ಪರಿಷತ್ತಿನ ಗೇಟು. ಡಿಸೆಂಬರ್ ಅಲ್ವಾ, ಹತ್ತು ಗಂಟೆಯಾದರೂ ಚಳಿ ಬಿಟ್ಟಿಲ್ಲ.

ಜನವರಿ ಬಂತೆಂದರೆ ಇಲ್ಲಿ ಚಿತ್ರಸಂತೆ. ಸಾಮಾನ್ಯವಾಗಿ ಮೊದಲ ಭಾನುವಾರ ನಡೆಯುತ್ತದೆ. 2003ರಲ್ಲಿ ಶುರುವಾದದ್ದು. ಅವತ್ತು ಈ ರಸ್ತೆಯಲ್ಲಿ ಗಾಡಿ ಬಿಡುವುದಿಲ್ಲ. ಎರಡೂ ಬದಿಗೆ ಬರೀ ಚಿತ್ರಗಳು. ಬೇರೆ ಬೇರೆ ರಾಜ್ಯಗಳ ಕಲಾವಿದರು ತಾವೇ ನಿಂತು ಮಾರುತ್ತಾರೆ. ನೂರು ರೂಪಾಯಿಯದೂ ಸಿಗುತ್ತದೆ, ಲಕ್ಷದ್ದೂ ಇರುತ್ತದೆ.

ಮೊದಲ ಸಲ ಬಂದಾಗ ನಾನೊಂದು ಪುಟ್ಟ ಚಿತ್ರ ಕೊಂಡಿದ್ದೆ. ಮಳೆಯಲ್ಲಿ ನಿಂತ ಎಮ್ಮೆ. ಅದನ್ನು ಬರೆದವರು ಹಳೇ ಪೇಪರಿನಲ್ಲಿ ಸುತ್ತಿ ಕೊಡುತ್ತಾ, "ಬಿಸಿಲು ಬೀಳೋ ಗೋಡೆಗೆ ಹಾಕಬೇಡಮ್ಮ, ಬಣ್ಣ ಹೋಗುತ್ತೆ" ಅಂದರು. ಆ ಎಮ್ಮೆ ಈಗಲೂ ನಮ್ಮ ಅಡುಗೆಮನೆ ಬಾಗಿಲ ಪಕ್ಕ, ನೆರಳಲ್ಲೇ ಇದೆ.

ಆದರೆ ಇವತ್ತು ಹೇಳಬೇಕಾದದ್ದು ಒಳಗಿನ ಮ್ಯೂಸಿಯಂ ಬಗ್ಗೆ. ನಾಲ್ಕೈದು ಸಂತೆ ನೋಡಿದ ಮೇಲೂ ನಾನು ಅದರೊಳಗೆ ಕಾಲಿಟ್ಟಿರಲಿಲ್ಲ. ಇವತ್ತು ಹೋದೆ. ಕ್ಯಾಮೆರಾ ಬ್ಯಾಗಿನಲ್ಲೇ ಇತ್ತು, ಹಾಗಾಗಿ ಮಾತಲ್ಲೇ ಹೇಳುತ್ತೇನೆ.

ತೊಗಲುಗೊಂಬೆಗಳ ಮುಂದೆ ನಾನು ತುಂಬಾ ಹೊತ್ತು ನಿಂತೆ. ಚರ್ಮವನ್ನು ಬೆಳಕು ದಾಟುವಷ್ಟು ತೆಳ್ಳಗೆ ಹದ ಮಾಡಿ, ಕತ್ತರಿಸಿ, ಸಣ್ಣ ಸಣ್ಣ ತೂತು ಕೊರೆದು, ಬಣ್ಣ ಹಾಕಿದ ಗೊಂಬೆಗಳು. ಬಿಳಿ ಪರದೆಯ ಹಿಂದೆ ದೀಪ ಇಟ್ಟು ಇವನ್ನು ಆಡಿಸುತ್ತಿದ್ದರು. ಆ ತೂತುಗಳಿಂದ ಬೆಳಕು ಬಂದಾಗಲೇ ಒಡವೆ, ಸೀರೆಯ ಅಂಚು ಎಲ್ಲಾ ಹೊಳೆಯುವುದು. ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ದೇವರು, ರಾಜರ ಗೊಂಬೆ ದೊಡ್ಡದು. ಸೇವಕರು, ಸಾಮಾನ್ಯ ಜನರದ್ದು ಚಿಕ್ಕದು. ಯಾರು ಏನು ಅಂತ ಪರದೆಯ ಮೇಲೆ ಅಳತೆಯಲ್ಲೇ ಗೊತ್ತಾಗುತ್ತದೆ. ಊರೂರು ತಿರುಗಿ ರಾತ್ರಿಯಿಡೀ ರಾಮಾಯಣ ಆಡಿಸಿದ ಕೈಗಳು ನೆನಪಾಗಿ ಗಂಟಲು ಕಟ್ಟಿತು.

ಈ ಗೊಂಬೆಗಳನ್ನು ಹುಡುಕಿ ಕೂಡಿಸಿದವರು ಕಲಾವಿದ ಎಂ.ಎಸ್. ನಂಜುಂಡರಾವ್. 1960ರಲ್ಲಿ ಪರಿಷತ್ತನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಆಮೇಲೆ ಉದ್ಯಮಿ ಎಚ್.ಕೆ. ಕೇಜ್ರಿವಾಲ್ ಅವರ ಕುಟುಂಬ ತಮ್ಮ ಸ್ವಂತ ಸಂಗ್ರಹವನ್ನೇ ಇಲ್ಲಿಗೆ ಕೊಟ್ಟಿತು. ರೋರಿಕ್ ಅವರ ಚಿತ್ರಗಳಿಗೂ ಇಲ್ಲಿ ಜಾಗವಿದೆ. ಕನಕಪುರ ರಸ್ತೆಯ ತಾತಗುಣಿಯಲ್ಲಿ ಹೆಂಡತಿ, ಹಿಂದಿ ಸಿನಿಮಾ ನಟಿ ದೇವಿಕಾರಾಣಿ ಜೊತೆ ಇದ್ದ ರಷ್ಯಾ ಮೂಲದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್. ಇಲ್ಲೇ ಇರುವ ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳ ಬಂಗಾರದ ಕೆಲಸವನ್ನು ಮಾತ್ರ ಸ್ವಲ್ಪ ಪಕ್ಕಕ್ಕೆ ಸರಿದು, ಓರೆಯಾಗಿ ನೋಡಿ. ಉಬ್ಬು ಎಷ್ಟು ನಯ ಅಂತ ಆಗ ಕಾಣುತ್ತದೆ.

ನಾನಿದ್ದಷ್ಟು ಹೊತ್ತು ಒಳಗೆ ಬಂದವರು ನಾಲ್ಕೇ ಜನ. ಸಂತೆಯ ದಿನ ಕಾಲಿಡಲು ಜಾಗವಿಲ್ಲದ ಜಾಗ ಇದು! ನನಗೆ ನಿಜಕ್ಕೂ ಬೇಜಾರಾಯಿತು. ಇಲ್ಲಿ ಟಿಕೆಟ್ ತಗೊಂಡು ಒಳಗೆ ಹೋಗುವುದೂ ಒಂದು ಸಹಾಯವೇ. ಆವರಣದ ಬೇರೆ ಗ್ಯಾಲರಿಗಳಲ್ಲಿ ಹೊಸ ಕಲಾವಿದರ ಪ್ರದರ್ಶನ ಬದಲಾಗುತ್ತಲೇ ಇರುತ್ತದೆ. ಸುಮ್ನೆ ಒಳಗೆ ಹೋಗಿ, ಯಾರೂ ಬೇಡ ಅನ್ನುವುದಿಲ್ಲ. ಬರೆದವರು ಅಲ್ಲೇ ಕೂತಿದ್ದರೆ ಒಂದು ಪ್ರಶ್ನೆ ಕೇಳಿ. ಅವರ ಮುಖ ಅರಳುವುದನ್ನು ನಾನು ನೋಡಿದ್ದೇನೆ.

ಈ ಸಲ ಸಂತೆಯ ಹಿಂದಿನ ದಿನ, ಶನಿವಾರವೇ, ಅಕ್ಕನ ಮಗಳನ್ನು ಮ್ಯೂಸಿಯಂಗೆ ಕರೆತರುತ್ತೇನೆ. ನೀವೂ ಬರುವುದಾದರೆ ಸಮಯ ಒಮ್ಮೆ ವಿಚಾರಿಸಿಕೊಂಡು ಬನ್ನಿ. ಗೊಂಬೆಗಳ ಬಗ್ಗೆ ಅವಳಿಗೆ ನಾನೇನೂ ಹೇಳಿಲ್ಲ. ರಾಜ ಯಾರು, ಸೇವಕ ಯಾರು ಅಂತ ಅವಳೇ ನೋಡಿ ಹೇಳಲಿ.