ಸಭೆಗೆ ಬಾರದ ಇಬ್ಬರು

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತಿನ ವಿಷಯ ನಗರ ಯೋಜನೆ. ಹೆಸರು ಕೇಳಿದ ಕೂಡಲೇ ರೇಡಿಯೊ ಕಿವಿ ತಿರುಚಿಬಿಡಬೇಡಿ. ಝೋನಿಂಗ್, ಸೆಟ್‌ಬ್ಯಾಕ್, ತಿದ್ದುಪಡಿ ಅಂತೆಲ್ಲ ಒಣ ಮಾತು ಆಡುವುದಿಲ್ಲ. ಒಂದು ಬಯಲಿನ ಕತೆಯಿಂದ ಶುರು ಮಾಡುತ್ತೇನೆ.

ಇಟಲಿಯಲ್ಲಿ ಲುಕ್ಕಾ ಅಂತ ಒಂದು ಹಳೆಯ ಪಟ್ಟಣ. ಅದರೊಳಗೆ ಒಂದು ಚೌಕ ಇದೆ. ಚೌಕ ಅಂದೆ, ಆದರೆ ಅದಕ್ಕೆ ಮೂಲೆಗಳೇ ಇಲ್ಲ. ಮೊಟ್ಟೆಯ ಆಕಾರದ ಬಯಲು ಅದು. ಸುತ್ತಲೂ ಮನೆಗಳು ಒಂದಕ್ಕೊಂದು ಅಂಟಿಕೊಂಡು, ಬಾಗಿದ ಸಾಲಾಗಿ ನಿಂತಿವೆ. ಯಾಕೆ ಹೀಗೆ? ರೋಮನ್ನರ ಕಾಲದಲ್ಲಿ ಅಲ್ಲೊಂದು ಅಖಾಡ ಇತ್ತು. ಜನ ಮೆಟ್ಟಿಲ ಸಾಲಿನಲ್ಲಿ ಕೂತು ಕಾಳಗ ನೋಡುತ್ತಿದ್ದರು. ಸಾಮ್ರಾಜ್ಯ ಮುಗಿಯಿತು. ಯಾರ್ಯಾರೋ ಕಲ್ಲು ಹೊತ್ತುಕೊಂಡು ಹೋದರು. ಉಳಿದ ಗೋಡೆಗಳಿಗೆ ಒರಗಿಸಿ ಇನ್ಯಾರೋ ಮನೆ ಕಟ್ಟಿಕೊಂಡರು. ಅಖಾಡ ಯಾವತ್ತೋ ಹೋಯಿತು. ಅದರ ಗೆರೆ ಮಾತ್ರ ಹೋಗಲಿಲ್ಲ.

ಗೆರೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. 1666ರಲ್ಲಿ ಲಂಡನ್ನಿನ ಹಳೆಯ ಊರು ಬಹುಪಾಲು ಸುಟ್ಟುಹೋಯಿತು. ಬೂದಿ ಆರುವ ಮೊದಲೇ ಕ್ರಿಸ್ಟೊಫರ್ ರೆನ್ ಅನ್ನುವ ವಾಸ್ತುಶಿಲ್ಪಿ ಹೊಸ ಊರಿನ ನಕ್ಷೆ ತಂದು ದೊರೆಯ ಮುಂದಿಟ್ಟರು. ಅಗಲವಾದ ನೇರ ಬೀದಿಗಳು, ದೊಡ್ಡ ದೊಡ್ಡ ವೃತ್ತಗಳು. ಚೆಂದದ ನಕ್ಷೆ. ಆದರೆ ಮನೆ ಕಳೆದುಕೊಂಡವರು ಹೊಸ ನಕ್ಷೆಗೆ ಕಾಯಲಿಲ್ಲ. ಸುಟ್ಟ ಜಾಗದಲ್ಲಿ ತಮ್ಮ ತಮ್ಮ ನಿವೇಶನದ ಅಂಚು ಹುಡುಕಿ ಕಟ್ಟತೊಡಗಿದರು. ಗೋಡೆಗೆ ಮರ ಹೋಗಿ ಇಟ್ಟಿಗೆ ಬಂತು, ಕೆಲವು ಬೀದಿ ಸ್ವಲ್ಪ ಅಗಲವಾದವು. ಊರು ಮಾತ್ರ ಹಳೆಯ ಗೆರೆಗಳ ಮೇಲೆಯೇ ಎದ್ದಿತು. ಯಾಕೆಂದರೆ ಗೆರೆಯ ಆಚೆ ಈಚೆ ಯಾರದೋ ಸ್ವತ್ತು ಇರುತ್ತದೆ, ಹಕ್ಕು ಇರುತ್ತದೆ. ಈಗಿನ ಕಾಲದಲ್ಲಾದರೆ ಅದರ ಕೆಳಗೆ ಪೈಪು, ಕೇಬಲ್ಲು ಬೇರೆ. ಕಟ್ಟಡ ಕೆಡವಿ ಕಟ್ಟಬಹುದು. ಬೀದಿ ಜರುಗಿಸಿ ನೋಡಿ, ಗೊತ್ತಾಗುತ್ತದೆ!

ಹಾಗಾಗಿ ನಗರದ ನಕ್ಷೆಯ ಮೇಲೆ ಪೆನ್ಸಿಲ್ ಇಡುವವರು ತಮಗೇ ಗೊತ್ತಿಲ್ಲದ ಜನರ ಬದುಕನ್ನು ಮುಟ್ಟುತ್ತಾರೆ. ನಕ್ಷೆ ತಯಾರಾದ ಮೇಲೆ ಆಕ್ಷೇಪಣೆ ಕೇಳಲು ಸಭೆ ಕರೆಯುತ್ತಾರಲ್ವಾ? ಅಲ್ಲಿಗೆ ಯಾರು ಬರುತ್ತಾರೆ? ಜಾಗ ಇದ್ದವರು ಬರುತ್ತಾರೆ. ಅಂಗಡಿಯವರು ಬರುತ್ತಾರೆ. ಬಿಲ್ಡರ್ ಬರದಿದ್ದರೂ ಅವರ ವಕೀಲರು ಬರುತ್ತಾರೆ. ಬಾಡಿಗೆದಾರರು ಬರುವುದು ಕಡಿಮೆ. ಇಬ್ಬರು ಮಾತ್ರ ಎಂದೂ ಬರುವುದಿಲ್ಲ. ಒಬ್ಬರು ತೀರಿಹೋದವರು, ಇನ್ನೊಬ್ಬರು ಇನ್ನೂ ಹುಟ್ಟದವರು. ಯೋಜನೆ ಮಾಡುವವರ ಅರ್ಧ ಕೆಲಸ ಈ ಇಬ್ಬರ ಪರವಾಗಿ ಮಾತಾಡುವುದೇ ಅಂತ ನನಗೆ ಅನ್ನಿಸುತ್ತದೆ.

ಹುಟ್ಟದವರ ಪರವಾಗಿ ಯೋಚಿಸಿದವರು ಇದ್ದಾರೆಯೇ? ಇದ್ದಾರೆ. 1811ರಲ್ಲಿ ನ್ಯೂಯಾರ್ಕ್ ಊರು ಮ್ಯಾನ್‌ಹಟನ್ ದ್ವೀಪದ ದಕ್ಷಿಣದ ತುದಿಯಲ್ಲಿ ಮುದುಡಿಕೊಂಡಿತ್ತು. ಜನಸಂಖ್ಯೆ ಸುಮಾರು ಒಂದು ಲಕ್ಷ. ಮೂವರು ಕಮಿಷನರುಗಳು ಕೂತು 155ನೇ ಬೀದಿಯವರೆಗೆ ಗೆರೆ ಎಳೆದರು. ಹೊಲ, ಬಂಡೆ, ಜೌಗು, ಎಲ್ಲದರ ಮೇಲೂ ಬೀದಿಗಳ ನಂಬರು. ಚೀನಾದಿಂದ ಈಚೆಗೆ ಒಂದೇ ಕಡೆ ಎಲ್ಲೂ ನೆರೆಯದಷ್ಟು ಜನಕ್ಕೆ ಜಾಗ ಇಟ್ಟಿದ್ದೇವೆ, ನಗುವವರು ನಗಬಹುದು ಅಂತ ವರದಿಯಲ್ಲಿ ತಾವೇ ಬರೆದುಕೊಂಡರು. ಆ ಶತಮಾನ ಮುಗಿಯುವಷ್ಟರಲ್ಲಿ ಜಾಗ ಬಹುಪಾಲು ತುಂಬಿತ್ತು. ನಗುವವರು ಉಳಿದಿರಲಿಲ್ಲ.

ಆದರೆ ಅವರು ಒಂದು ಕಡೆ ಎಡವಿದರು. ಸುತ್ತ ಹೇಗೂ ನೀರಿದೆ, ಗಾಳಿ ಬೇಕಾದಷ್ಟಿದೆ, ಭೂಮಿಯ ಬೆಲೆಯೂ ಜಾಸ್ತಿ ಅಂತ ಉದ್ಯಾನಕ್ಕೆ ತೀರಾ ಕಡಿಮೆ ಜಾಗ ಬಿಟ್ಟರು. ನಲವತ್ತು ಚಿಲ್ಲರೆ ವರ್ಷ ಕಳೆದ ಮೇಲೆ ಊರಿಗೆ ಉಸಿರುಗಟ್ಟಿತು. ಆಗ ಸೆಂಟ್ರಲ್ ಪಾರ್ಕಿಗಾಗಿ ಜಮೀನು ಹಣ ಕೊಟ್ಟು ವಶಪಡಿಸಿಕೊಳ್ಳಬೇಕಾಯಿತು. ಅಲ್ಲಿದ್ದ ಸುಮಾರು 1600 ಜನರನ್ನು ಎಬ್ಬಿಸಿದರು. ಅದರಲ್ಲಿ ಸೆನೆಕಾ ವಿಲೇಜ್ ಅಂತ ಒಂದು ಹಳ್ಳಿ ಇತ್ತು. ಹೆಚ್ಚಾಗಿ ಕಪ್ಪು ಜನರಿದ್ದ ಹಳ್ಳಿ, ಅವರಲ್ಲಿ ಹಲವರು ಸ್ವಂತ ಜಾಗ ಕೊಂಡು ಮನೆ ಕಟ್ಟಿಕೊಂಡಿದ್ದರು. ಚರ್ಚು, ಶಾಲೆ, ಸ್ಮಶಾನ ಎಲ್ಲ ಇತ್ತು. ಇವತ್ತು ಆ ಪಾರ್ಕಿನ ಹುಲ್ಲಿನ ಮೇಲೆ ಮಲಗುವ ಎಷ್ಟು ಜನಕ್ಕೆ ಇದು ಗೊತ್ತು? ಪಾರ್ಕು ಬೇಡವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಮೊದಲೇ ಬಿಟ್ಟಿದ್ದರೆ ಬರೀ ಖಾಲಿ ಜಾಗದಲ್ಲಿ ಆಗುತ್ತಿದ್ದ ಕೆಲಸಕ್ಕೆ ಆಮೇಲೆ ಒಂದು ಹಳ್ಳಿಯನ್ನೇ ತೆರಬೇಕಾಯಿತು.

ಇಲ್ಲೇ ಒಂದು ಎಚ್ಚರಿಕೆಯ ಮಾತು. ‘ಮುಂದಿನ ಪೀಳಿಗೆಗಾಗಿ’ ಅನ್ನುವ ಮಾತು ಕೇಳಿದಾಗಲೆಲ್ಲ ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ. ಬಡವರ ಮನೆ ಕೆಡವುವಾಗ ಈ ಮಾತು ಬೇಗ ಬಾಯಿಗೆ ಬರುತ್ತದೆ. ನಾಳೆ ಹುಟ್ಟುವ ಮಗುವಿನ ಹೆಸರು ಹೇಳಿ ಇವತ್ತು ಇರುವ ಮಗುವನ್ನು ಬೀದಿಗೆ ಹಾಕುವುದು ಯೋಜನೆ ಅಲ್ಲ, ನೆಪ.

ಈಗಿರುವವರಿಗೂ ಮುಂದೆ ಬರುವವರಿಗೂ ಒಟ್ಟಿಗೆ ಆಗಿಬಂದ ಕೆಲಸಗಳೂ ಇವೆ. ಅವು ಹೆಚ್ಚಾಗಿ ನೆಲದ ಕೆಳಗೇ ಇರುತ್ತವೆ. 1858ರ ಬೇಸಿಗೆಯಲ್ಲಿ ಲಂಡನ್ನಿನ ಥೇಮ್ಸ್ ನದಿ ಎಷ್ಟು ನಾತ ಹೊಡೆಯಿತು ಅಂದರೆ, ದಡದಲ್ಲಿದ್ದ ಪಾರ್ಲಿಮೆಂಟಿನ ಪರದೆಗಳನ್ನು ಸುಣ್ಣದ ಔಷಧಿಯಲ್ಲಿ ಅದ್ದಿ ಕಟ್ಟಬೇಕಾಯಿತು. ಕಾಲರಾ ಸಾವಿರಾರು ಬಡವರನ್ನು ಕೊಂದಾಗ ಕದಲದ ಸಭೆ, ತನ್ನ ಮೂಗಿಗೆ ಬಂದಾಗ ಕೆಲವೇ ದಿನಗಳಲ್ಲಿ ಕಾನೂನು ಮಾಡಿತು! ಜೋಸೆಫ್ ಬ್ಯಾಜಲ್ಜೆಟ್ ಅನ್ನುವ ಎಂಜಿನಿಯರ್ ಊರಿನ ಕೆಳಗೆ ಸುಮಾರು 132 ಕಿಲೋಮೀಟರ್ ಮುಖ್ಯ ಒಳಚರಂಡಿ ಕಟ್ಟಿದರು. ಆಗ ಇದ್ದವರಿಗೆ ಸಾಕಾಗುವಷ್ಟಕ್ಕೆ ನಿಲ್ಲಿಸದೆ, ಹೆಚ್ಚಿನ ಜನಕ್ಕೆ ಲೆಕ್ಕ ಹಾಕಿ ಗಾತ್ರ ಇಟ್ಟರು. ಊರಿನ ಜನಸಂಖ್ಯೆ ಈಗ 90 ಲಕ್ಷದ ಹತ್ತಿರ. ಆ ಇಟ್ಟಿಗೆಯ ಕಾಲುವೆಗಳು ಇನ್ನೂ ಕೆಲಸ ಮಾಡುತ್ತಿವೆ. ಜೋರು ಮಳೆ ಬಂದಾಗ ಮಾತ್ರ ತುಂಬಿ ಹೊಲಸು ನದಿಗೆ ಹರಿಯುತ್ತಿತ್ತು. ಅದಕ್ಕೇ 25 ಕಿಲೋಮೀಟರ್ ಉದ್ದದ ಹೊಸ ಸುರಂಗ ಕೊರೆದರು. ಅದು 2025ರಲ್ಲಿ ಪೂರ್ತಿ ಬಳಕೆಗೆ ಬಂತು. ಅಂದರೆ ಬ್ಯಾಜಲ್ಜೆಟ್ ಕೈಯಿಂದ ಕೆಲಸ ತೆಗೆದುಕೊಳ್ಳಲು ಇನ್ನೊಂದು ಪೀಳಿಗೆ ಬರುವ ಹೊತ್ತಿಗೆ ನೂರೈವತ್ತು ವರ್ಷ ಕಳೆದಿತ್ತು.

ಸಾಲದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೂರು ವರ್ಷ ಬಾಳುವ ಚರಂಡಿಗೆ ಮೂವತ್ತು ವರ್ಷದ ಸಾಲ ಮಾಡಿದರೆ ನ್ಯಾಯ. ಬಳಸುವವರೂ ಒಂದು ಪಾಲು ಕಟ್ಟುತ್ತಾರೆ. ಆದರೆ ಐದು ವರ್ಷಕ್ಕೆ ಕಿತ್ತುಹೋಗುವ ಟಾರಿಗೆ ಮೂವತ್ತು ವರ್ಷದ ಸಾಲ ಮಾಡಿದರೆ? ತಾತ ಓಡಾಡಿದ ರಸ್ತೆಗೆ ಮೊಮ್ಮಗ ಬಡ್ಡಿ ಕಟ್ಟುತ್ತಾನೆ. ಹೊಸ ಲೇಔಟೂ ಹಾಗೆಯೇ. ರಿಬ್ಬನ್ ಕತ್ತರಿಸುವ ದಿನ ಎಲ್ಲ ಹೊಸದು. ಅವತ್ತು ಹಾಕಿದ ಪ್ರತಿ ಮೀಟರ್ ಪೈಪೂ ಮುಂದೊಂದು ದಿನ ಬದಲಾಗಲೇಬೇಕು. ಊರು ತೆಳ್ಳಗೆ ದೂರದವರೆಗೆ ಹರಡಿದಷ್ಟೂ ಒಂದೊಂದು ಮನೆಯ ತಲೆಯ ಮೇಲೆ ಬೀಳುವ ಪೈಪಿನ ಉದ್ದ ಜಾಸ್ತಿ.

ಇನ್ನು ತೀರಿಹೋದವರ ವಿಷಯ. ಅವರಿಗೆ ನಾವು ಏನು ಕೊಡಬೇಕು? ಸುಮ್ನೆ ಹಳೆಯದನ್ನೆಲ್ಲ ಗಾಜಿನ ಪೆಟ್ಟಿಗೆಯಲ್ಲಿ ಇಡೋದಾ? ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ರೈಲು ನಿಲ್ದಾಣ 1910ರಲ್ಲಿ ತೆರೆದದ್ದು. ಅರಮನೆಯಂಥ ಕಟ್ಟಡ. 1963ರಲ್ಲಿ ಅದನ್ನು ಒಡೆಯತೊಡಗಿದರು. ಅದು ಕಣ್ಣ ಮುಂದೆ ಉರುಳಿದ್ದು ನೋಡಿದ ಮೇಲೆಯೇ ಜನ ಎಚ್ಚೆತ್ತದ್ದು. 1965ರಲ್ಲಿ ಹಳೆಯ ಕಟ್ಟಡ ಕಾಯುವ ಕಾನೂನು ಬಂತು. ಅದೇ ಕಾನೂನು ಮುಂದೆ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣವನ್ನು ಉಳಿಸಿತು.

ಪೋಲೆಂಡಿನ ವಾರ್ಸಾದ ಕತೆ ಇನ್ನೂ ಗಾಢವಾದದ್ದು. ಎರಡನೇ ಮಹಾಯುದ್ಧದಲ್ಲಿ ಅದರ ಹಳೆಯ ಊರಿನ ಶೇಕಡಾ 85ಕ್ಕಿಂತ ಹೆಚ್ಚು ಭಾಗ ನೆಲಸಮವಾಯಿತು. ಯುದ್ಧ ಮುಗಿದ ಮೇಲೆ ಜನ ಅದನ್ನು ಮತ್ತೆ ಕಟ್ಟಲು ಹೊರಟರು. ಕಟ್ಟುವುದು ಹೇಗೆ? 18ನೇ ಶತಮಾನದಲ್ಲಿ ಬೆಲ್ಲೊತ್ತೊ ಅನ್ನುವ ಚಿತ್ರಕಾರ ಬರೆದ ಬೀದಿಯ ಚಿತ್ರಗಳಿದ್ದವು. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಅಳತೆ ಮಾಡಿ ತೆಗೆದ ನಕ್ಷೆಗಳನ್ನು ಯುದ್ಧದ ನಡುವೆ ಬಚ್ಚಿಟ್ಟು ಉಳಿಸಿದ್ದರು. ಅವನ್ನೆಲ್ಲ ಹರವಿಕೊಂಡು ಕಟ್ಟಿದರು. ಇದು ನಕಲು ಅಂತ ಮೂಗು ಮುರಿದವರೂ ಇದ್ದಾರೆ. 1980ರಲ್ಲಿ ಯುನೆಸ್ಕೊ ಆ ನಕಲನ್ನೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು! ನನಗೆ ಇಷ್ಟವಾಗುವುದು ಇನ್ನೊಂದು ಸಂಗತಿ. ಎದುರಿನ ಗೋಡೆ ಹಳೆಯದರ ಹಾಗಿದ್ದರೂ ಹಿಂದೆ ಮೊದಲಿನ ಕತ್ತಲೆಯ ಇಕ್ಕಟ್ಟನ್ನು ಮತ್ತೆ ತರಲಿಲ್ಲ. ಬೆಳಕು ಗಾಳಿ ಇರುವ ಮನೆ ಮಾಡಿ ಜನರಿಗೆ ಕೊಟ್ಟರು.

ಹಿಂದಿನವರು ಮಾಡಿದ್ದೆಲ್ಲ ಸರಿ ಅಂತ ಏನೂ ಇಲ್ಲ. ಅಪ್ಪ ನೆಟ್ಟ ಆಲದ ಮರಕ್ಕೇ ನೇಣು ಹಾಕಿಕೊಂಡ ಹಾಗೆ ಆಗಬಾರದು. ಕಳೆದ ಶತಮಾನದಲ್ಲಿ ಕಾರು ಬಂತು, ಊರುಗಳೆಲ್ಲ ಅದಕ್ಕೆ ಅಡ್ಡಬಿದ್ದವು. ದಕ್ಷಿಣ ಕೊರಿಯಾದ ಸೋಲ್ ನಗರದ ನಡುವೆ ಚಂಗ್ಯೆಚನ್ ಅನ್ನುವ ತೊರೆ ಇತ್ತು. ಕೊಳಕಾಗಿದೆ ಅಂತ ಅದನ್ನು ಕಾಂಕ್ರೀಟಿನಿಂದ ಮುಚ್ಚಿದರು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡರು. ಮೇಲೆ ರಸ್ತೆ, ಅದರ ಮೇಲೆ ಫ್ಲೈಓವರ್. ಮುಂದಿನ ಪೀಳಿಗೆ 2003ರಲ್ಲಿ ಆ ಫ್ಲೈಓವರ್ ಒಡೆಯಲು ಶುರು ಮಾಡಿತು. 2005ರಲ್ಲಿ ತೊರೆ ಮತ್ತೆ ಬಿಸಿಲು ಕಂಡಿತು. ಸುಮಾರು 6 ಕಿಲೋಮೀಟರ್ ಉದ್ದ. ಆದರೆ ಈಗ ಅಲ್ಲಿ ಹರಿಯುವ ನೀರು ಬಹುಪಾಲು ಹಾನ್ ನದಿಯಿಂದ ಪಂಪ್ ಮಾಡಿ ತಂದದ್ದು. ಒಮ್ಮೆ ಮುಚ್ಚಿದ ತೊರೆ ತೆರೆದ ಕೂಡಲೇ ತಾನಾಗಿ ಹರಿಯುವುದಿಲ್ಲ.

ಅದಕ್ಕೇ ನನಗೆ ನಕ್ಷೆಯಲ್ಲಿ ಬಣ್ಣ ತುಂಬಿದ ಜಾಗಕ್ಕಿಂತ ಬಿಟ್ಟ ಜಾಗದ ಮೇಲೆ ಕಣ್ಣು ಹೋಗುತ್ತದೆ. ಕೋಪನ್‌ಹೇಗನ್ನಿನ 1947ರ ಯೋಜನೆಯನ್ನು ನೋಡಿ. ನಿಮ್ಮ ಅಂಗೈ ಬಿಚ್ಚಿ ಇಟ್ಟರೆ ಆ ನಕ್ಷೆ ಆಯಿತು. ಅಂಗೈ ಹಳೆಯ ಊರು. ಐದು ಬೆರಳು ಐದು ರೈಲು ದಾರಿ, ಅದರ ಗುಂಟ ಹೊಸ ಮನೆಗಳು. ಬೆರಳ ಸಂದಿಯಲ್ಲಿ ಹೊಲ, ಕಾಡು, ಹುಲ್ಲು. ಆ ಸಂದಿಗಳನ್ನು ನುಂಗಲು ಆಸೆ ಯಾರಿಗಿಲ್ಲ ಹೇಳಿ? ಅಲ್ಲಲ್ಲಿ ಒತ್ತಡ ಬಿದ್ದಿದ್ದೂ ಇದೆ. ಎಪ್ಪತ್ತಕ್ಕೂ ಹೆಚ್ಚು ವರ್ಷ ಆದಮೇಲೂ ಕೈಯ ಆಕಾರ ಉಳಿದಿದೆ.

ಹುಟ್ಟದವರಿಗೆ ಸಭೆಯಲ್ಲಿ ಕುರ್ಚಿ ಕೊಡುವ ಪ್ರಯತ್ನಗಳೂ ನಡೆದಿವೆ. ವೇಲ್ಸ್ 2015ರಲ್ಲಿ ಒಂದು ಕಾನೂನು ಮಾಡಿ, ಮುಂದಿನ ಪೀಳಿಗೆಗಳ ಕಮಿಷನರ್ ಅಂತ ಒಂದು ಹುದ್ದೆಯನ್ನೇ ಇಟ್ಟಿತು. ಜಪಾನಿನ ಯಾಹಾಬಾ ಅನ್ನುವ ಸಣ್ಣ ಪಟ್ಟಣದಲ್ಲಿ ಇನ್ನೊಂದು ದಾರಿ ಹಿಡಿದರು. ಊರವರನ್ನು ಸೇರಿಸಿ ಒಂದಷ್ಟು ಜನಕ್ಕೆ, ನೀವು 2060ರಲ್ಲಿ ಬದುಕುತ್ತಿರುವವರು, ಅಲ್ಲಿಂದ ಮಾತಾಡಿ ಅಂದರು. ಆಟದ ಹಾಗೆ ಕೇಳಿಸುತ್ತದೆ, ಅಲ್ವಾ? ಆದರೆ ಹಾಗೆ ಕೂತವರ ಮಾತೇ ಬೇರೆಯಾಯಿತು. ಈಗಿನವರಾಗಿ ಕೂತವರು ಇವತ್ತಿನ ಕೊರತೆಗಳನ್ನು ಹೇಳಿದರು. ಮುಂದಿನವರಾಗಿ ಕೂತವರು, ಕಷ್ಟದ ಕೆಲಸ ಮೊದಲು ಮುಗಿಸಿ, ಮುಂದೂಡಬೇಡಿ ಅಂದರು. ಪೈಪು ಬದಲಿಸಲು ಹಣ ಬೇಕು ಅಂತ ಗೊತ್ತಾದಾಗ ನೀರಿನ ದರ ಏರಿಸುವ ಮಾತಿಗೂ ಒಪ್ಪಿದರು.

ಕೊನೆಯದಾಗಿ ಬಾರ್ಸಿಲೋನಾ. 19ನೇ ಶತಮಾನದ ಮಧ್ಯದವರೆಗೆ ಆ ಊರು ಕೋಟೆ ಗೋಡೆಯೊಳಗೆ ಹಿಂಡಿಹೋಗಿತ್ತು. ಇಲ್ಡೆಫೋನ್ಸ್ ಸೆರ್ಡಾ ಅನ್ನುವ ಎಂಜಿನಿಯರ್ ಕೂಲಿಕಾರರ ಮನೆಗಳನ್ನು ಹೊಕ್ಕು ನೋಡಿದರು. ಒಬ್ಬ ಮನುಷ್ಯನಿಗೆ ಎಷ್ಟು ಗಾಳಿ ಬೇಕು ಅಂತ ಲೆಕ್ಕ ಹಾಕಿದರು. 1859ರಲ್ಲಿ ಗೋಡೆಯಾಚೆಯ ಬಯಲಿಗೆ ನಕ್ಷೆ ಕೊಟ್ಟರು. 113 ಮೀಟರಿನ ಚೌಕಗಳು, 20 ಮೀಟರ್ ಅಗಲದ ಬೀದಿಗಳು. ಪ್ರತಿ ಚೌಕದ ನಾಲ್ಕೂ ಮೂಲೆ ಕತ್ತರಿಸಿ ಇಟ್ಟರು, ಮುಂದೆ ಯಂತ್ರದ ಗಾಡಿಗಳು ತಿರುಗಬೇಕಾಗಬಹುದು ಅಂತ. ಕಾರು ಇನ್ನೂ ಹುಟ್ಟಿರಲಿಲ್ಲ! ಚೌಕದ ಎರಡು ಬದಿ ಮಾತ್ರ ಮನೆ, ನಡುವೆ ತೋಟ ಅನ್ನುವುದು ಅವರ ಆಸೆ. ಜಾಗದ ಧಣಿಗಳು ಕೇಳಲಿಲ್ಲ. ನಾಲ್ಕೂ ಬದಿ ಕಟ್ಟಿದರು. ಆಮೇಲೆ ನಡುವನ್ನೂ ಗೋದಾಮು, ಕಾರ್ಖಾನೆಯಿಂದ ತುಂಬಿದರು. ಸೆರ್ಡಾ 1876ರಲ್ಲಿ ತೀರಿಕೊಂಡರು, ಕೈಯಲ್ಲಿ ಕಾಸಿರಲಿಲ್ಲ.

ನೂರು ವರ್ಷ ಆದಮೇಲೆ, 1980ರ ದಶಕದಲ್ಲಿ, ನಗರಸಭೆ ಅಂಥ ಒಂದು ಚೌಕದ ನಡುವಿನ ಜಾಗವನ್ನು ಬಿಡಿಸಿ ಜನರಿಗೆ ತೆರೆಯಿತು. ಆಮೇಲೆ ಒಂದೊಂದಾಗಿ ಇನ್ನಷ್ಟು. ಆ ಮೊದಲ ಅಂಗಳದಲ್ಲಿ ಸೆರ್ಡಾ ಕಾಲದ ಒಂದು ಇಟ್ಟಿಗೆಯ ನೀರಿನ ಗೋಪುರ ನಿಂತಿದೆ. ಬೇಸಿಗೆಯಲ್ಲಿ ಅದರ ಬುಡದಲ್ಲಿ ಮೊಣಕಾಲುದ್ದದ ಕೊಳಕ್ಕೆ ನೀರು ಬಿಡುತ್ತಾರೆ. ಮಕ್ಕಳು ಅದರಲ್ಲಿ ಬಿದ್ದು ಹೊರಳಾಡುತ್ತಿರುತ್ತವೆ.

ನಮಸ್ಕಾರ.