ಒಂದು ಅಚ್ಚು, ಐದು ಪ್ರತಿ: ಏಳನೆಯ ತರಗತಿಯ ಲಿನೋ ಪಾಠ

ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ಸುಲ್ತಾನ್‌ಪೇಟೆಯ ಕಡೆಗೆ ನಡೆಯುತ್ತಿದ್ದೇನೆ. ಕ್ಯಾಮೆರಾ ಅಲುಗಾಡುತ್ತಿದೆ, ಸ್ವಲ್ಪ ಸಹಿಸಿಕೊಳ್ಳಿ, ಇಲ್ಲಿ ಹೆಜ್ಜೆ ಇಡಲೂ ಜಾಗವಿಲ್ಲ. ನಾಳೆ ಸರ್ಕಾರಿ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ಲಿನೋ ಅಚ್ಚು ಹೇಳಿಕೊಡಬೇಕು: ಲಿನೋಲಿಯಂ ಹಾಳೆಯ ಮೇಲೆ ಚಿತ್ರ ಕೆತ್ತಿ, ಶಾಯಿ ಹಚ್ಚಿ, ಕಾಗದಕ್ಕೆ ಒತ್ತುವುದು. ಕಾಗದಕ್ಕೆ ಈ ಬೀದಿಗಳನ್ನು ಬಿಟ್ಟು ನಾನು ಬೇರೆಲ್ಲಿಗೂ ಹೋಗುವುದಿಲ್ಲ. ಮದುವೆ ಪತ್ರಿಕೆ ಕತ್ತರಿಸಿ ಉಳಿದ ದಪ್ಪ ಕಾಗದದ ತುಂಡುಗಳನ್ನು ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಅಂಗೈಯಗಲದ ಅಚ್ಚಿಗೆ ಅದಕ್ಕಿಂತ ದೊಡ್ಡದು ಬೇಡ.

ಇನ್ನು ಶಾಯಿ ಹಚ್ಚುವ ರೋಲರ್. ಇದರ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. ನಾಲ್ಕು ಇಂಚಿನ ರಬ್ಬರ್ ರೋಲರ್‌ಗೆ ಕಲಾ ಸಾಮಗ್ರಿ ಅಂಗಡಿಯಲ್ಲಿ ₹950 ಕೇಳಿದರು. ಒಂದು ಹಿಡಿ, ಒಂದು ಕಂಬಿ, ರಬ್ಬರ್ ಸುತ್ತಿದ ಒಂದು ಉರುಳೆ, ಅಷ್ಟೇ. "ಹೊರದೇಶದ ಮಾಲು ಮೇಡಂ, ಹತ್ತು ವರ್ಷ ಬಾಳಿಕೆ ಬರುತ್ತದೆ" ಎಂದರು. ಬರಲಿ. ಆದರೆ ಗುಂಪಿಗೊಂದರಂತೆ ಆರು ರೋಲರ್ ಎಂದರೆ ₹5,700. ಚಿತ್ರಕಲೆಗೆ ಶಾಲೆ ತೆಗೆದಿಟ್ಟ ಹಣ ಅಲ್ಲಿಗೇ ಮುಗಿಯುತ್ತದೆ. ಶಾಯಿಗೂ ಇಲ್ಲ, ಲಿನೋ ಹಾಳೆಗೂ ಇಲ್ಲ. ಅಗ್ಗದ್ದು ಇಲ್ಲವೇ ಎಂದರೆ ಇದೆ, ₹280. ನೋಡಿ, ಮೇಜಿನ ಮೇಲೆ ಉರುಳಿಸಿ ತೋರಿಸುತ್ತಿದ್ದೇನೆ: ನಡುವೆ ತಗ್ಗು. ಎರಡು ಅಂಚಿನಲ್ಲಿ ಶಾಯಿ ಬಳಿಯುತ್ತದೆ, ಮಧ್ಯದಲ್ಲಿ ತಾಗುವುದೇ ಇಲ್ಲ. ಗೋಡೆಗೆ ಬಣ್ಣ ಹೊಡೆಯುವ ಸ್ಪಂಜಿನ ರೋಲರ್ ತಂದರೆ ಸಾಲದೇ ಎಂದು ಒಬ್ಬರು ಕೇಳಿದ್ದರು. ಸಾಲದು. ಅದರ ಸ್ಪಂಜು ಕೆತ್ತಿದ ಗೆರೆಗಳ ಒಳಕ್ಕೂ ಶಾಯಿ ಇಳಿಸುತ್ತದೆ. ಮಗು ಅರ್ಧ ಗಂಟೆ ಕೂತು ಕೆತ್ತಿದ ಕೋಳಿಯ ಗರಿಯೆಲ್ಲ ಮುಚ್ಚಿ ಒಂದು ಕಪ್ಪು ಮುದ್ದೆ ಉಳಿಯುತ್ತದೆ. ಕೆತ್ತಿದ ಮಗುವಿಗೆ ಅದು ಎಷ್ಟು ನೋವು ಎಂದು ಅಂಗಡಿಯವರಿಗೆ ಹೇಗೆ ಹೇಳುವುದು?

ಕೊನೆಗೆ ಒಳ್ಳೆಯ ರೋಲರ್ ಎರಡನ್ನೇ ಕೊಂಡೆ. ಉಳಿದ ಗುಂಪುಗಳಿಗೆ ಹತ್ತಿ ತುಂಬಿ ಹಳೆಯ ಪಂಚೆಯ ಬಟ್ಟೆ ಬಿಗಿದ ಉಂಡೆಗಳು. ರೋಲರ್ ಬಳಕೆಗೆ ಬರುವ ಮೊದಲು ಮುದ್ರಣಾಲಯಗಳಲ್ಲಿ ಅಚ್ಚಿನ ಮೊಳೆಗಳಿಗೆ ಮಸಿ ಹಚ್ಚುತ್ತಿದ್ದದ್ದು ಚರ್ಮದ ಇಂಥ ಉಂಡೆಗಳಿಂದಲೇ. ತಟ್ಟಿ ತಟ್ಟಿ ಹಚ್ಚಬೇಕು, ಒರೆಸಬಾರದು.

ಅಂಗಡಿ ಇಲ್ಲಿಗೆ ಮುಗಿಯಿತು. ಇದು ತರಗತಿ.

ಬೋರ್ಡಿನ ಮೇಲೆ ಅಂಟಿಸಿರುವುದು ಕಲಾವಿದ ನಂದಲಾಲ್ ಬೋಸ್ 1930ರಲ್ಲಿ ಮಾಡಿದ ಗಾಂಧೀಜಿಯ ಲಿನೋ ಚಿತ್ರದ ಪ್ರತಿ. ಕೋಲು ಹಿಡಿದು ನಡೆಯುತ್ತಿರುವ ಗಾಂಧಿ, ಕಪ್ಪು ನೆಲದ ಮೇಲೆ ಬಿಳಿ ಗೆರೆ. ದಂಡಿ ಯಾತ್ರೆಯ ವರ್ಷ. ಕೆತ್ತಿ ತೆಗೆದದ್ದು ಬಿಳಿಯಾಗುತ್ತದೆ, ಬಿಟ್ಟದ್ದು ಕಪ್ಪಾಗುತ್ತದೆ. ಇದನ್ನು ಅರ್ಧ ಗಂಟೆ ವಿವರಿಸುವುದಕ್ಕಿಂತ ಆ ಚಿತ್ರವನ್ನು ಒಮ್ಮೆ ತೋರಿಸುವುದೇ ಸಾಕು.

ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟಿರುವುದು ಲಿನೋ ತುಂಡುಗಳು. ಬೆಚ್ಚಗಾದರೆ ಉಳಿ ಸಲೀಸಾಗಿ ಓಡುತ್ತದೆ. ತಣ್ಣಗಿದ್ದರೆ ಮಕ್ಕಳು ಬಲ ಹಾಕುತ್ತಾರೆ, ಉಳಿ ಜಾರುತ್ತದೆ. ಲಿನೋ ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆ ಇರಬೇಕು. ಈ ಒಂದು ವಿಷಯದಲ್ಲಿ ಮಾತ್ರ ನಾನು ಗದರುತ್ತೇನೆ.

ಚಿಕ್ಕ ತರಗತಿಗಳಿಗೆ ಉಳಿ ಕೊಡುವುದಿಲ್ಲ. ಅವರಿಗೆ ತರಕಾರಿ ಅಚ್ಚು ಮಾಡಿಸಿ ಎನ್ನುತ್ತಾರೆ. ನನಗದು ಇಷ್ಟವಿಲ್ಲ. ಬೆಂಡೆಕಾಯಿ ಕತ್ತರಿಸಿ ಬಣ್ಣಕ್ಕೆ ಅದ್ದಿ ಒತ್ತಿದರೆ ಎಲ್ಲರದ್ದೂ ಒಂದೇ ಹೂವು; ಮಗು ಯೋಚಿಸಿದ್ದೇನು? ಆದರೂ ಈ ತುಣುಕು ನೋಡಿ, ಎರಡನೆಯ ತರಗತಿಯದ್ದು. ಬಾಳೆ ಎಲೆಯ ದಂಟನ್ನು ಅಡ್ಡ ಕತ್ತರಿಸಿ ಒತ್ತಿದ್ದಾರೆ. ಒಳಗಿನ ಗೂಡುಗಳೆಲ್ಲ ಜೇನುಹುಟ್ಟಿನಂತೆ ಮೂಡಿವೆ. ಒಬ್ಬ ಹುಡುಗ ಅದನ್ನೇ ಸಾಲಾಗಿ ಒತ್ತಿ "ಇದು ನಮ್ಮ ಅಪಾರ್ಟ್‌ಮೆಂಟ್, ಅಪ್ಪ ಇಲ್ಲಿ ಸೆಕ್ಯೂರಿಟಿ" ಎಂದ. ಸರಿ, ಬಾಳೆ ದಂಟು ಇರಲಿ. ಬೆಂಡೆಕಾಯಿಯೂ ಇರಲಿ.

ಮತ್ತೆ ಏಳನೆಯ ತರಗತಿಗೆ. ಪೆನ್ಸಿಲ್ ಕೊಟ್ಟರೆ ನಮ್ಮ ಮಕ್ಕಳು ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನಮರ ಬರೆಯುತ್ತಾರೆ. ಅಂಕ ಸಿಗುವ ಚಿತ್ರ ಅದು, ಕೈಗೆ ಬಾಯಿಪಾಠವಾಗಿದೆ. ಲಿನೋದಲ್ಲಿ ಕೈಗೆ ಆ ಓಟ ಸಿಗುವುದಿಲ್ಲ. ರಬ್ಬರಿನಿಂದ ಅಳಿಸಲಾಗುವುದಿಲ್ಲ, ಪ್ರತಿ ಗೆರೆಯನ್ನೂ ನಿರ್ಧರಿಸಬೇಕು. ಅದಕ್ಕೇ ಇಲ್ಲಿ ಆಟೊ ಇದೆ, ನಲ್ಲಿಯ ಮುಂದೆ ಬಿಂದಿಗೆಗಳ ಸಾಲು ಇದೆ, ನಿದ್ದೆ ಮಾಡುವ ಅಜ್ಜಿ ಇದ್ದಾರೆ.

"ಮಿಸ್, ನನ್ನ ಹೆಸರು ಉಲ್ಟಾ ಬಂತು!" ಪ್ರತಿ ಶಾಲೆಯಲ್ಲೂ ಈ ಕೂಗು ಕೇಳುತ್ತೇನೆ. ಮೊದಲೇ ಹೇಳುವುದಿಲ್ಲ, ಬೇಕೆಂದೇ. ಒಮ್ಮೆ ತಲೆಕಟ್ಟು ಎಡಕ್ಕೆ ತಿರುಗಿದ್ದನ್ನು ಕಣ್ಣಾರೆ ಕಂಡ ಮೇಲೆ ಅವರೇ ಬಟರ್ ಪೇಪರಿನ ಮೇಲೆ ಬರೆದು, ಮಗುಚಿ ಹಾಕಿ ನಕಲು ಮಾಡಿಕೊಳ್ಳುತ್ತಾರೆ. ಆಗಲೇ 1843ರ 'ಮಂಗಳೂರ ಸಮಾಚಾರ'ದ ಕಥೆ ಹೇಳುತ್ತೇನೆ. ಕನ್ನಡದ ಮೊದಲ ಪತ್ರಿಕೆ, ಹೊರಬಂದದ್ದು ಕಲ್ಲಚ್ಚಿನಲ್ಲಿ, ಕಲ್ಲಿನ ಮೇಲೆ ಉಲ್ಟಾ ಮೂಡಿಸಿದ ಅಕ್ಷರಗಳಿಂದ. ಕಲ್ಲಿನಿಂದ ಪತ್ರಿಕೆಯೇ ಎಂದು ಅವರು ಬೆರಗಾಗುವುದನ್ನು ನೋಡಬೇಕು ನೀವು.

ಶಾಯಿಯ ಬಗ್ಗೆ ಒಂದು ಮಾತು. ಗಾಜಿನ ಮೇಲೆ ರೋಲರ್ ಓಡಿಸುವಾಗ ಅಂಟಂಟಾದ 'ಚರ್ರ್' ಸದ್ದು ಬರುತ್ತದೆ, ಕೇಳಿಸಿತೇ? ಅದು ಹದ. ಸದ್ದು ಒದ್ದೆಯಾಗಿದ್ದರೆ ಶಾಯಿ ಹೆಚ್ಚಾಗಿದೆ ಎಂದರ್ಥ. ಮಕ್ಕಳ ತರಗತಿಗೆ ಸಾಮಾನ್ಯವಾಗಿ ನೀರಿನ ಶಾಯಿಯೇ ಸರಿ. ಆದರೆ ಬೆಂಗಳೂರಿನ ಮಾರ್ಚ್ ಬಿಸಿಲಿಗೆ ನೀರಿನ ಶಾಯಿ ಗಾಜಿನ ಮೇಲೆಯೇ ಒಣಗುತ್ತಿದೆ, ಅದಕ್ಕೆ ಈ ಸಲ ಎಣ್ಣೆ ಶಾಯಿ. ಅದನ್ನು ತೊಳೆಯಲು ಸೀಮೆಎಣ್ಣೆ ಬೇಡ, ಅಡುಗೆ ಎಣ್ಣೆ, ಹಳೆಯ ಪತ್ರಿಕೆ, ಆಮೇಲೆ ಸೋಪು. ಕೈ ಚೆನ್ನಾಗಿ ಶುಚಿಯಾಗುತ್ತದೆ.

ಈ ಹುಡುಗಿಯ ಕೈ ನೋಡಿ. ಮುಖ ತೋರಿಸುತ್ತಿಲ್ಲ, ಕೈ ಸಾಕು. ಕಾಗದದ ಕಟ್ಟನ್ನು ಬೀಸಣಿಗೆಯ ಹಾಗೆ ಬಿಡಿಸಿ, ಕೊಡವಿ, ನಾಲ್ಕು ಅಂಚನ್ನೂ ಮೇಜಿಗೆ ಕುಟ್ಟಿ ಸಮ ಮಾಡಿದಳು. ಹಾಳೆಗಳು ಒಂದಕ್ಕೊಂದು ಅಂಟದಿರಲಿ ಎಂದು. ನಾನು ಹೇಳಿಕೊಟ್ಟದ್ದಲ್ಲ. ಅವಳ ಅಪ್ಪ ಕಾಟನ್‌ಪೇಟೆಯ ಒಂದು ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಾರೆ. ಚಿತ್ರಕಲೆಯ ತರಗತಿಯಲ್ಲಿ ಮನೆಯ ಕಸುಬು ಇಷ್ಟು ನೇರವಾಗಿ ಉಪಯೋಗಕ್ಕೆ ಬಂದದ್ದನ್ನು ನಾನು ಬೇರೆ ಯಾವ ಮಾಧ್ಯಮದಲ್ಲೂ ಕಂಡಿಲ್ಲ. ಈ ಊರಿನ ಪೇಟೆಗಳಲ್ಲಿ ಅಚ್ಚು ಗೊತ್ತಿರುವ ಅಪ್ಪ ಅಮ್ಮಂದಿರು ಎಷ್ಟೋ ಜನ ಇದ್ದಾರೆ. ಅವರನ್ನು ಶಾಲೆಗೆ ಕರೆಯಬೇಕು, ಕುರ್ಚಿ ಹಾಕಿ ಕೂರಿಸಿ ಕೇಳಬೇಕು.

ಈಗ ಸಂಖ್ಯೆ ಹಾಕುತ್ತಿದ್ದಾರೆ. ಅಚ್ಚಿನ ಕೆಳಗೆ ಎಡಕ್ಕೆ ಪೆನ್ಸಿಲಿನಲ್ಲಿ 1/5, 2/5, ಅಂದರೆ ಐದು ಪ್ರತಿಗಳಲ್ಲಿ ಮೊದಲನೆಯದು, ಎರಡನೆಯದು; ಬಲಕ್ಕೆ ಸಹಿ. ದೊಡ್ಡ ಕಲಾವಿದರೂ ಹೀಗೆಯೇ ಮಾಡುತ್ತಾರೆ. ನಾನು ಅಚ್ಚನ್ನೇ ಹಿಡಿದು ಕೂತಿರುವುದು ಈ ಐದಕ್ಕಾಗಿ. ಮಗು ಚಿತ್ರ ಬರೆದರೆ ಇರುವುದು ಒಂದೇ ಹಾಳೆ; ಅದು ಫೈಲಿಗೆ ಹೋಗುತ್ತದೆ, ಇಲ್ಲವೇ ನೋಟಿಸ್ ಬೋರ್ಡಿಗೆ, ಮಗುವಿನ ಕೈಗೆ ಮರಳುವುದಿಲ್ಲ. ಇಲ್ಲಿ ಮನೆಗೊಂದು, ಗೆಳತಿಗೊಂದು. ಒಬ್ಬ ಮಾತ್ರ ಶಾಲೆಯ ಗೇಟಿನ ಬಳಿ ಸೌತೆಕಾಯಿ ಮಾರುವ ಅಜ್ಜಿಗೆ ಒಂದು ಕೊಟ್ಟು ಬಂದ. ಅಚ್ಚಿನಲ್ಲಿ ಮಲಗಿದ್ದವರು ಅವರೇ.

ಮುಖ್ಯ ಶಿಕ್ಷಕಿ ದಾಖಲೆಗೆ ಪ್ರತಿ ಕೇಳುತ್ತಿದ್ದಾರೆ. ಕೊಡುತ್ತೇವೆ ಮೇಡಂ, 5/5 ನಿಮ್ಮದು.

ಬೆಲ್ ಆಯಿತು, ಹಗ್ಗಕ್ಕೆ ಕ್ಲಿಪ್ ಹಾಕಬೇಕು. ಮುಂದಿನ ವಾರ ಎರಡು ಬಣ್ಣ. ಎರಡನೆಯ ಬಣ್ಣ ಮೊದಲನೆಯದರ ಮೇಲೆ ಸರಿಯಾಗಿ ಕೂರಲು ಮೂಲೆಗೆ ರಟ್ಟಿನ ಗುರುತು ಬೇಕು. ಆ ಹೊಣೆ ಕಾಗದ ಕೊಡವಿದ ಹುಡುಗಿಗೇ ಕೊಟ್ಟಿದ್ದೇನೆ.